ಮದುವೆ ಸೀಸನ್, ಬಾಕಿ ಆಲ್ಬಮ್ ಮತ್ತು ಬೇಡವೆನಿಸುವ ಕ್ಯಾಮೆರಾ

ಮದುವೆ ಫೋಟೋಗ್ರಫಿಗೆ ಬಂದವರಲ್ಲಿ ಹೆಚ್ಚಿನವರು ಲಾಭ-ನಷ್ಟ ನೋಡಿ ಬಂದವರಲ್ಲ. ಕಾಲೇಜಿನಲ್ಲಿ ಕ್ಯಾಮೆರಾ ಕೈಗೆ ಸಿಕ್ಕಿರುತ್ತದೆ. ಹಕ್ಕಿ, ಬೆಟ್ಟ, ಜಾತ್ರೆ ಅಂತ ಸುತ್ತಿರುತ್ತಾರೆ. ಯಾರೋ ಗೆಳೆಯ ತನ್ನ ಅಕ್ಕನ ಮದುವೆಗೆ 'ನೀನೇ ತೆಗಿಯೋ' ಅಂದಿರುತ್ತಾನೆ. ಅಲ್ಲಿಂದ ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ, ಅಪರೂಪಕ್ಕೆ ಭಾನುವಾರ ಖಾಲಿ ಸಿಕ್ಕರೂ ಕ್ಯಾಮೆರಾ ಬ್ಯಾಗಿನ ಜಿಪ್ ಎಳೆಯಲು ಮನಸ್ಸಾಗದ ಸ್ಥಿತಿ ಬಂದಿರುತ್ತದೆ.

ಯಾಕೆ ಅಂತ ಕೇಳಿದರೆ ಎಲ್ಲರೂ ದೂರುವುದು ಮದುವೆ ದಿನದ ಓಡಾಟವನ್ನು. ಓಡಾಟ ಸುಸ್ತು ಮಾಡುತ್ತದೆ, ಸುಳ್ಳಲ್ಲ. ಆದರೆ ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿದರೆ ಆ ಸುಸ್ತು ಇಳಿಯುತ್ತದೆ. ಇಳಿಯದೆ ಉಳಿಯುವುದು ಹಾರ್ಡ್ ಡಿಸ್ಕಿನಲ್ಲಿ ಕೂತಿರುವ ಬಾಕಿ: ಫೆಬ್ರವರಿಯ ಮದುವೆಯ ಆಲ್ಬಮ್, ಮಾರ್ಚಿನ ಎರಡು ಮದುವೆಯ ಕಲರ್ (ಫೋಟೋಗಳ ಬಣ್ಣ ತಿದ್ದುವುದು), ಏಪ್ರಿಲ್‌ನವರ ಸೆಲೆಕ್ಷನ್ (ಆಲ್ಬಮ್‌ಗೆ ಮನೆಯವರು ಫೋಟೋ ಆರಿಸಿಕೊಡುವುದು), ಜೊತೆಗೆ 'ಸರ್, ಫೋಟೋ ಯಾವಾಗ?' ಅನ್ನುವ ಮೆಸೇಜು. ಈ ಕಸುಬಿನಲ್ಲಿ ಕ್ಯಾಮೆರಾ ಮೇಲಿನ ಪ್ರೀತಿ ಸಾಯುವುದು ಬಹುಪಾಲು ಮೇಜಿನ ಮುಂದೆ. ಮಂಟಪದಲ್ಲಿ ಸಾಯುವುದು ಕಡಿಮೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ಹೆಚ್ಚಾಗಿ ಮೇಜಿನ ಲೆಕ್ಕ.

ಒಂದು ಮದುವೆಗೆ ನಿಜಕ್ಕೂ ಎಷ್ಟು ಗಂಟೆ?

ಬೆಂಗಳೂರು-ಮೈಸೂರು ಕಡೆಯ ಸಾಮಾನ್ಯ ಪದ್ಧತಿ ತೆಗೆದುಕೊಳ್ಳೋಣ: ಹಿಂದಿನ ಸಂಜೆ ರಿಸೆಪ್ಷನ್, ಮರುದಿನ ಬೆಳಿಗ್ಗೆ ಮುಹೂರ್ತ. ಸಂಜೆ 5ರಿಂದ ರಾತ್ರಿ 11.30, ಅಂದರೆ ಆರೂವರೆ ಗಂಟೆ. ಮುಂಜಾನೆ 4.30ಕ್ಕೆ ವಧುವಿನ ಮೇಕಪ್ ಕೋಣೆಯಿಂದ ಮಧ್ಯಾಹ್ನ 2ರವರೆಗೆ ಒಂಬತ್ತೂವರೆ ಗಂಟೆ. ಒಟ್ಟು 16. ಪಾರ್ಟಿಗೆ, ಅಂದರೆ ಕೆಲಸ ಕೊಟ್ಟ ಮದುವೆ ಮನೆಯವರಿಗೆ, ಕಾಣುವುದು ಇಷ್ಟೇ, ನಾವು ರೇಟು ಹೇಳುವುದೂ ಇದನ್ನೇ ನೋಡಿ.

ಕಾಣದೇ ಇರುವುದು ಹೀಗೆ: ಕಾರ್ಡ್ ಕಾಪಿ ಮಾಡಿ ಪರೀಕ್ಷಿಸಲು 2 ಗಂಟೆ, ಸುಮಾರು 4,000 ಫೋಟೋಗಳಲ್ಲಿ ಆರಿಸಲು 5, ಕಲರ್‌ಗೆ 9, 40 ಶೀಟಿನ 12x36 ಇಂಚಿನ ಆಲ್ಬಮ್ ಡಿಸೈನ್‌ಗೆ 9, ಪಾರ್ಟಿ ಜೊತೆ ಮಾತುಕತೆ ಮತ್ತು ಕರೆಕ್ಷನ್‌ಗೆ 4, ಲ್ಯಾಬ್ ಓಡಾಟಕ್ಕೆ 1. ಕೂಡಿಸಿದರೆ 30. ಮದುವೆಯ ದಿನದ ಹತ್ತಿರ ಹತ್ತಿರ ಎರಡರಷ್ಟು.

ಈಗ ತಿಂಗಳಿಗೆ ಎಂಟು ಮದುವೆ ಒಪ್ಪಿಕೊಂಡವರ ಕ್ಯಾಲೆಂಡರ್ ನೋಡಿ. 16 ದಿನ ಛತ್ರಗಳಲ್ಲೇ ಹೋಯಿತು. ಉಳಿದ 14ರಲ್ಲಿ ನಾಲ್ಕು ದಿನ ರಜೆ ಅಂದುಕೊಂಡರೆ ಮೇಜಿಗೆ ಸಿಕ್ಕಿದ್ದು 10 ದಿನ. ದಿನಕ್ಕೆ 6 ಗಂಟೆ, ಒಟ್ಟು 60. (ಆರಕ್ಕಿಂತ ಹೆಚ್ಚು ಕೂರಬಹುದು. ಆದರೆ ಕಣ್ಣು ಪರದೆಗೆ ಒಗ್ಗಿಹೋದ ಮೇಲೆ ಮುಖದ ಬಣ್ಣ ಹಳದಿಗೆ ಜಾರಿದ್ದೇ ಗೊತ್ತಾಗುವುದಿಲ್ಲ. ರಾತ್ರಿ ಒಂದು ಗಂಟೆಗೆ ಮಾಡಿದ್ದನ್ನು ಬೆಳಿಗ್ಗೆ ಮತ್ತೆ ಮಾಡಬೇಕಾಗುತ್ತದೆ.) 60 ಗಂಟೆಯಲ್ಲಿ ಮುಗಿಯುವುದು ಎರಡು ಮದುವೆ. ಆರು ಬಾಕಿ. ಅಂಥ ಮೂರು ತಿಂಗಳು ಕಳೆದರೆ 18 ಬಾಕಿ. 'ಆಷಾಢದಲ್ಲಿ ಮುಗಿಸ್ತೀನಿ ಬಿಡು' ಅನ್ನುವವರಿಗೆ ಆಷಾಢದಲ್ಲಿ 25 ದಿನ ಕೂತರೂ ಸಿಗುವುದು 150 ಗಂಟೆ, ಅಂದರೆ ಐದು ಮದುವೆ. ಹದಿಮೂರು ಆಲ್ಬಮ್ ಬಾಕಿ ಹೊತ್ತು ಶ್ರಾವಣದ ಸೀಸನ್‌ಗೆ ಕಾಲಿಡುತ್ತಾರೆ. ಅಷ್ಟರಲ್ಲಿ ಆ ಹದಿಮೂರು ಮನೆಯವರೂ ಫೋನ್ ಮಾಡಲು ಶುರುಮಾಡಿರುತ್ತಾರೆ.

ಎಷ್ಟು ಡೇಟ್ ಖಾಲಿ ಇದೆ ಅಂತ ನೋಡಿ ಆರ್ಡರ್ ಒಪ್ಪಿಕೊಂಡರೆ ಆಗುವುದು ಇದೇ. ಎಷ್ಟು ಮೇಜಿನ ಗಂಟೆ ಇದೆ ಅಂತ ನೋಡಿ ಒಪ್ಪಿಕೊಳ್ಳಬೇಕು. ಎಲ್ಲ ಕೆಲಸವನ್ನೂ ಒಬ್ಬರೇ ಮಾಡುವವರಿಗೆ ಮೇಲಿನ ಲೆಕ್ಕದಲ್ಲಿ ತಿಂಗಳಿಗೆ ಮೂರು ಮದುವೆ ಆರಾಮ, ನಾಲ್ಕಾದರೆ ಎರಡು ರಜೆ ಕಳೆದುಕೊಳ್ಳಬೇಕು. ಅಷ್ಟರಿಂದ ಮನೆ ನಡೆಯುವುದಿಲ್ಲ ಅಂದರೆ ಆ 30 ಗಂಟೆಯನ್ನು ಇಳಿಸಬೇಕು. ಬೇರೆ ದಾರಿಯಿಲ್ಲ.

30 ಗಂಟೆ ಇಳಿಸುವುದು

ಅರ್ಧ ಕೆಲಸ ಛತ್ರದಲ್ಲೇ ಇಳಿಯುತ್ತದೆ. ಮೊದಲನೆಯದು ಗಡಿಯಾರ. ಮೂರು ಕ್ಯಾಮೆರಾಗಳ ಸಮಯ ಒಂದೇ ಇರದಿದ್ದರೆ ಕಂಪ್ಯೂಟರಿನಲ್ಲಿ ಧಾರೆ ಆದ ಮೇಲೆ ಕಾಶಿಯಾತ್ರೆ ಬರುತ್ತದೆ, ಲಾಜಹೋಮದ ನಡುವೆ ವರಪೂಜೆ ಇಣುಕುತ್ತದೆ. ಕೈಯಲ್ಲಿ ಜೋಡಿಸಲು ಎರಡು ಗಂಟೆ ಹೋಗುತ್ತದೆ. ಮರೆತು ಹೋಗುತ್ತದೆ ಅನ್ನುವವರು ಕೆಲಸ ಶುರುವಾಗುವ ಮುಂಚೆ ಒಂದೇ ಮೊಬೈಲಿನ ಗಡಿಯಾರವನ್ನು (ಸೆಕೆಂಡ್ ಕಾಣುವಂತೆ) ಮೂರೂ ಕ್ಯಾಮೆರಾದಲ್ಲಿ ಒಂದೊಂದು ಫ್ರೇಮ್ ಹೊಡೆದಿಡಿ. ವ್ಯತ್ಯಾಸ ಎಷ್ಟು ಅಂತ ಅದರಲ್ಲೇ ಗೊತ್ತಾಗುತ್ತದೆ. ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮಿನಲ್ಲಿ ಆ ಕ್ಯಾಮೆರಾದ ಎಲ್ಲ ಫೋಟೋಗಳ ಸಮಯವನ್ನೂ ಒಟ್ಟಿಗೆ ಸರಿಸಬಹುದು.

ಎರಡನೆಯದು ಬೆಳಕು. ಛತ್ರದ ಸ್ಟೇಜಿನಲ್ಲಿ ಹಳದಿ ಹ್ಯಾಲೊಜನ್, ನೇರಳೆ ಎಲ್‌ಇಡಿ, ವಿಡಿಯೋದವರ ಬಿಳಿ ಲೈಟು ಮೂರೂ ಒಟ್ಟಿಗೆ ಬೀಳುತ್ತವೆ. ವೈಟ್ ಬ್ಯಾಲೆನ್ಸನ್ನು (ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಸೆಟ್ಟಿಂಗ್) ಆಟೋದಲ್ಲೇ ಬಿಟ್ಟರೆ ಪ್ರತಿ ಫ್ರೇಮಿನ ಬಣ್ಣವೂ ಬೇರೆ. ಅದನ್ನು ಒಂದೊಂದಾಗಿ ಸರಿಮಾಡುವುದೇ ಆ 9 ಗಂಟೆಯ ದೊಡ್ಡ ಪಾಲು. ಕೆಲ್ವಿನ್ ಸಂಖ್ಯೆ (ಬೆಳಕಿನ ಬಣ್ಣದ ಅಳತೆ) ಒಂದು ಗಟ್ಟಿ ಮಾಡಿ ಇಟ್ಟರೆ ತಪ್ಪಾಗಿದ್ದರೂ ಎಲ್ಲವೂ ಒಂದೇ ಥರ ತಪ್ಪಾಗಿರುತ್ತವೆ. ಒಂದನ್ನು ಸರಿಮಾಡಿ ಮುನ್ನೂರಕ್ಕೆ ಅಂಟಿಸಬಹುದು. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಅದರ ಮೇಲೆ ಉರಿಯುವ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗ 1/100 ಅಥವಾ 1/50 ಸೆಕೆಂಡಿನಲ್ಲಿ ಇಟ್ಟರೆ ಫೋಟೋ ಮೇಲೆ ಪಟ್ಟೆ ಬೀಳುವುದು ಬಹುಮಟ್ಟಿಗೆ ತಪ್ಪುತ್ತದೆ. 1/250ರಲ್ಲಿ ಹೊಡೆದು ಆಮೇಲೆ ಪಟ್ಟೆ ಅಳಿಸುವುದು ನರಕ.

ಮೂರನೆಯದು ರಿಸೆಪ್ಷನ್ ಸ್ಟೇಜು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಏಳೂವರೆಗೆ ಸಾಲು ಶುರುವಾಗುತ್ತದೆ. ನಾಲ್ಕು ಜನ ಬರುತ್ತಾರೆ, ಕವರ್ ಕೊಡುತ್ತಾರೆ, ತಿರುಗುತ್ತಾರೆ. ಒಬ್ಬರು ಫೋಟೋಗ್ರಾಫರನ್ನು ನೋಡುತ್ತಿದ್ದರೆ ಇನ್ನೊಬ್ಬರು ವಿಡಿಯೋದವನನ್ನು, ಮಗು ಕೆಳಗಿನಿಂದ ಮೊಬೈಲ್ ಹಿಡಿದ ಮಾವನನ್ನು. ಗಾಬರಿಯಲ್ಲಿ ಆರು ಕ್ಲಿಕ್. ಮುಂದಿನ ಗುಂಪು ಆಗಲೇ ಮೆಟ್ಟಿಲ ಮೇಲೆ. ಮುನ್ನೂರು ಗುಂಪಿಗೆ ಆರಾರು ಅಂದರೆ 1,800 ಫೋಟೋ. ಅದರಲ್ಲಿ 1,500ನ್ನು ಯಾರೂ ಜನ್ಮದಲ್ಲಿ ನೋಡುವುದಿಲ್ಲ, ಆದರೆ ಆರಿಸುವವರು ನೋಡಲೇಬೇಕು. ಕೈ ಎತ್ತಿ 'ಎಲ್ಲಾ ಇಲ್ಲಿ ನೋಡಿ' ಅಂತ ಜೋರಾಗಿ ಹೇಳಿ, ಎರಡೇ ಎರಡು ಹೊಡೆದು, 'ಆಯ್ತು ಸರ್, ಊಟ ಮಾಡ್ಕೊಂಡು ಹೋಗಿ' ಅಂದರೆ ಮುಗಿಯಿತು. ಎರಡು ಕ್ಲಿಕ್ ನಿಯಮ ಇಟ್ಟುಕೊಂಡರೆ ಇದೊಂದರಲ್ಲೇ 1,200 ಫೈಲ್ ಉಳಿಯುತ್ತದೆ. ಒಂದು ರಾ ಫೈಲ್ (ಕ್ಯಾಮೆರಾ ಸೆರೆಹಿಡಿದ ಮೂಲ ಫೈಲ್) 25 ಎಂಬಿ ಅಂದುಕೊಂಡರೂ 30 ಜಿಬಿ, ಆರಿಸುವಾಗ ಒಂದು ಗಂಟೆ.

ಮನೆಗೆ ಬಂದ ಮೇಲೆ ಆ ರಾತ್ರಿ ಮಾಡಬೇಕಾದ್ದು ಒಂದೇ: ಕಾರ್ಡುಗಳನ್ನು ಎರಡು ಬೇರೆ ಬೇರೆ ಡಿಸ್ಕಿಗೆ ಕಾಪಿ ಹಾಕಿ ಮಲಗುವುದು. ಎರಡು ಕಡೆ ತೆರೆದು ನೋಡುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಫೋಟೋ ನೋಡುತ್ತಾ ಕೂರಬೇಡಿ. ಮರುದಿನವೂ ಬೇಡ. ಸುಸ್ತಾದ ಕಣ್ಣಿಗೆ ಎಲ್ಲಾ ಫೋಟೋ ಕೆಟ್ಟದಾಗೇ ಕಾಣುತ್ತವೆ, 'ನನ್ನ ಕೈಲಿ ಆಗಲ್ಲ' ಅನ್ನುವ ಕೊರಗು ಶುರುವಾಗುವುದು ಅಲ್ಲಿಂದಲೇ.

ಆರಿಸುವುದನ್ನು ಎರಡು ಸುತ್ತಿನಲ್ಲಿ ಮುಗಿಸಿ. ಮೊದಲ ಸುತ್ತಿನಲ್ಲಿ ಬೇಕು-ಬೇಡ ಎರಡೇ. ಸ್ಟಾರ್ ಕೊಡುವುದು, ಕ್ರಾಪ್ ಮಾಡುವುದು, ಕಲರ್ ಮುಟ್ಟುವುದು ಯಾವುದೂ ಇಲ್ಲ. ಲೈಟ್‌ರೂಮಿನಲ್ಲಿ ಪಿ ಒತ್ತಿದರೆ ಇರಲಿ, ಎಕ್ಸ್ ಒತ್ತಿದರೆ ಬೇಡ. ಕ್ಯಾಪ್ಸ್ ಲಾಕ್ ಆನ್ ಇದ್ದರೆ ಗುರುತು ಬಿದ್ದ ತಕ್ಷಣ ಮುಂದಿನ ಫೋಟೋಗೆ ತಾನೇ ಜಿಗಿಯುತ್ತದೆ. ಕಂಪ್ಯೂಟರ್ ನಿಧಾನ ಇದ್ದರೆ ಫೋಟೋ ಮೆಕ್ಯಾನಿಕ್ ಅನ್ನುವ ಸಾಫ್ಟ್‌ವೇರ್ ಒಳ್ಳೆಯದು. ಅದು ರಾ ಫೈಲಿನೊಳಗೆ ಕ್ಯಾಮೆರಾನೇ ಇಟ್ಟಿರುವ ಜೆಪೆಗ್ ತೋರಿಸುವುದರಿಂದ ಕಾಯುವ ಕೆಲಸವಿಲ್ಲ. ಫೋಟೋಗೆ 3 ಸೆಕೆಂಡಿನ ಲೆಕ್ಕದಲ್ಲಿ 4,000ಕ್ಕೆ 3 ಗಂಟೆ 20 ನಿಮಿಷ. ಒಂದೇ ಸಲ ಕೂರದೆ ತೊಂಬತ್ತು ತೊಂಬತ್ತು ನಿಮಿಷಕ್ಕೆ ಏಳಿ. 700ಕ್ಕೆ ಇಳಿದ ಮೇಲೆ ಎರಡನೇ ಸುತ್ತು.

ಕಣ್ಣು ಮುಚ್ಚಿದ್ದು, ಮಸುಕಾಗಿದ್ದು ತಾನೇ ಹುಡುಕಿ ಬದಿಗಿಡುವ ಎಐ ಸಾಫ್ಟ್‌ವೇರ್‌ಗಳು ಈಗ ಬೇಕಾದಷ್ಟಿವೆ. ರಿಸೆಪ್ಷನ್ ಸಾಲಿಗೆ ಧಾರಾಳವಾಗಿ ಬಳಸಿ. ಮುಹೂರ್ತಕ್ಕೆ ಬೇಡ. ಪುರೋಹಿತರು 'ಗಟ್ಟಿಮೇಳ, ಗಟ್ಟಿಮೇಳ' ಅಂದು, ಓಲಗ ಏರಿ, ಅಕ್ಷತೆ ಬೀಳುತ್ತಿರುವಾಗ ಮೂರು ಗಂಟು ಬೀಳುವುದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಆ ಹೊತ್ತಿಗೆ ಹುಡುಗಿ ತಲೆ ತಗ್ಗಿಸಿ ಕಣ್ಣು ಮುಚ್ಚಿರುತ್ತಾಳೆ, ಹಿಂದೆ ಅವಳಮ್ಮ ಕಣ್ಣೊರೆಸಿಕೊಳ್ಳುತ್ತಿರುತ್ತಾರೆ. ಆಲ್ಬಮಿನಲ್ಲಿ ಎರಡು ಪುಟ ತುಂಬಬೇಕಾದ ಫೋಟೋ ಅದು. ಸಾಫ್ಟ್‌ವೇರ್ ಅದನ್ನು 'ಕಣ್ಣು ಮುಚ್ಚಿದೆ' ಅಂತ ಕಸಕ್ಕೆ ಹಾಕುತ್ತದೆ.

ಯಾವುದನ್ನು ಹೊರಗೆ ಕೊಡಬೇಕು

ಮೊದಲು ಕೊಡಬೇಕಾದ್ದು ಆಲ್ಬಮ್ ಡಿಸೈನ್. ಶೀಟಿಗೆ ಇಷ್ಟು ಅಂತ ಮಾಡಿಕೊಡುವವರು ಎಲ್ಲ ಜಿಲ್ಲಾ ಕೇಂದ್ರದಲ್ಲೂ ಇದ್ದಾರೆ. ಫೋಟೋಗಳನ್ನು ಶಾಸ್ತ್ರವಾರು ಫೋಲ್ಡರ್ ಮಾಡಿ, ಯಾವುದು ಪೂರ್ತಿ ಪುಟಕ್ಕೆ ಬರಬೇಕು ಅಂತ ಗುರುತು ಹಾಕಿ ಕೊಟ್ಟರೆ ನಿಮಗೆ ಉಳಿಯುವುದು ಒಂದೂವರೆ ಗಂಟೆಯ ಪರಿಶೀಲನೆ. ಗುರುತು ಹಾಕದೆ ಪೆನ್‌ಡ್ರೈವ್ ಕೊಟ್ಟುಬಿಟ್ಟರೆ ಹೂವಿನ ಬಾರ್ಡರು, ಮೋಡದೊಳಗೆ ತೇಲುವ ಮದುಮಕ್ಕಳು ಎಲ್ಲಾ ಬರುತ್ತವೆ, ಮತ್ತೆ ನಾಲ್ಕು ಗಂಟೆ ವಾದ.

ಆಮೇಲೆ ಕಲರ್‌ನ ಮೊದಲ ಹಂತ. ನಿಮ್ಮ ಪ್ರಿಸೆಟ್ (ಮೊದಲೇ ಉಳಿಸಿಟ್ಟ ಬಣ್ಣದ ಸೆಟ್ಟಿಂಗ್), ಜೊತೆಗೆ ನೀವೇ ಮಾಡಿದ ಇಪ್ಪತ್ತು ಮಾದರಿ ಫೋಟೋ ಕೊಡಿ. ಕೊನೆಯ ಕೈ ನಿಮ್ಮದಿರಲಿ; ಅದಕ್ಕೆ 3 ಗಂಟೆ ಸಾಕು. ವಿಡಿಯೋ ಎಡಿಟಿಂಗ್ ಮಾಡುವವರು ಬೇರೆಯೇ ಇರಬೇಕು, ಅದರ ಬಗ್ಗೆ ಚರ್ಚೆ ಬೇಡ.

ಆರಿಸುವ ಕೆಲಸವನ್ನು ಮಾತ್ರ ಕೈಬಿಡಬೇಡಿ ಅಂತ ನನ್ನ ಅಭಿಪ್ರಾಯ. ಅದೇ ಬೇಜಾರಿನ ಕೆಲಸ, ಮೊದಲು ಅದನ್ನೇ ಕೊಡಿ ಅನ್ನುವ ಅನುಭವಿಗಳೂ ಇದ್ದಾರೆ. ಆದರೆ ಎಲ್ಲಿ ಅರ್ಧ ಸೆಕೆಂಡ್ ತಡವಾಯಿತು, ಯಾವ ಮೂಲೆಯಲ್ಲಿ ನಿಂತಿದ್ದರೆ ಅಪ್ಪನ ಮುಖ ಸಿಗುತ್ತಿತ್ತು ಅಂತ ತಿಳಿಯುವುದು ಅಲ್ಲಿಯೇ. ಅದನ್ನು ಬಿಟ್ಟವರ ಫೋಟೋಗಳು ಎರಡು ಸೀಸನ್‌ನಲ್ಲಿ ಒಂದೇ ಅಚ್ಚಿನವಾಗುತ್ತವೆ.

ಈಗ ಮತ್ತೆ ಕೂಡಿಸಿ: ಕಾಪಿ 2, ಆಯ್ಕೆ 4, ಕಲರ್ 3, ಡಿಸೈನ್ ಪರಿಶೀಲನೆ ಒಂದೂವರೆ, ಪಾರ್ಟಿ 2, ಲ್ಯಾಬ್ 1. ಹದಿಮೂರೂವರೆ ಗಂಟೆ. ತಿಂಗಳಿಗೆ ಆರು ಮದುವೆ ಒಪ್ಪಿಕೊಂಡರೆ 12 ದಿನ ಛತ್ರ, 4 ದಿನ ರಜೆ, 14 ದಿನ ಮೇಜು, 84 ಗಂಟೆ. ಆರು ಮದುವೆಗೆ ಬೇಕಾಗುವುದು 81. ಬಾಕಿ ಉಳಿಯುವುದಿಲ್ಲ.

ಪಾರ್ಟಿ ಜೊತೆ ಮೊದಲೇ ಆಡಬೇಕಾದ ಮಾತು

ಫೋನ್ ಯಾಕೆ ಬರುತ್ತದೆ ಅಂದರೆ ತಮ್ಮ ಕೆಲಸ ಎಲ್ಲಿದೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಮದುವೆ ಆಗಿ 48 ಗಂಟೆಯೊಳಗೆ ಇಪ್ಪತ್ತು ಫೋಟೋ ಸ್ಟೇಟಸ್‌ಗೆ ಹಾಕಿಕೊಳ್ಳಲು ಕಳಿಸಿಬಿಡಿ. ಅತ್ತೆಯ ಮನೆಯವರದ್ದು, ತವರಿನವರದ್ದು ಸಮಾ ಇರಲಿ. ಅದರ ಜೊತೆಗೇ ಮೂರು ತಾರೀಖು ಬರೆದು ಕಳಿಸಿ: ಎಲ್ಲಾ ಫೋಟೋ ಯಾವತ್ತು, ಸೆಲೆಕ್ಷನ್ ಯಾವತ್ತಿನೊಳಗೆ, ಆಲ್ಬಮ್ ಯಾವತ್ತು. ನಿಮಗೆ ಅನ್ನಿಸಿದ್ದಕ್ಕಿಂತ ಹತ್ತು ದಿನ ಹೆಚ್ಚೇ ಬರೆಯಿರಿ. ಕೆಲಸಕ್ಕೆ ಬೇರೆ ಸಿಮ್, ಬೇರೆ ವಾಟ್ಸ್ಆ್ಯಪ್ ಬಿಸಿನೆಸ್ ಖಾತೆ ಇರಲಿ. 'ಬೆಳಿಗ್ಗೆ 11ರಿಂದ ಸಂಜೆ 6ರ ನಡುವೆ ಉತ್ತರಿಸುತ್ತೇವೆ' ಅಂತ ತಾನೇ ಹೋಗುವ ಮೆಸೇಜ್ ಇಟ್ಟರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಗಂಟು ಸೆಲೆಕ್ಷನ್. ಆಲ್ಬಮ್‌ಗೆ 150 ಫೋಟೋ ಆರಿಸಿ ಅಂದರೆ ಆರು ತಿಂಗಳಾದರೂ ಬರುವುದಿಲ್ಲ, ಯಾಕೆಂದರೆ ಎರಡು ಮನೆಯ ಹನ್ನೆರಡು ಜನ ಆರಿಸುತ್ತಿರುತ್ತಾರೆ. ನಾವು ಆ ಮದುವೆಯನ್ನು ಮರೆತ ಮೇಲೆ ಪಟ್ಟಿ ಬರುತ್ತದೆ, ಮತ್ತೆ ಮೊದಲಿಂದ ಆ ಫೋಲ್ಡರಿಗೆ ಇಳಿಯಬೇಕು. ಇದನ್ನು ಹಂಚಿಕೊಟ್ಟರೆ ಸಲೀಸು: ಹುಡುಗನ ಕಡೆ 60, ಹುಡುಗಿ ಕಡೆ 60, ಒಂದೊಂದು ಕಡೆಯಿಂದ ಒಬ್ಬರೇ ಆರಿಸಬೇಕು. ಶಾಸ್ತ್ರದ 30 ಫೋಟೋ ಸ್ಟುಡಿಯೋ ಆಯ್ಕೆ. 30 ದಿನದಲ್ಲಿ ಪಟ್ಟಿ ಬರದಿದ್ದರೆ ಪೂರ್ತಿ ನಾವೇ ಆರಿಸಿ ಪ್ರಿಂಟ್‌ಗೆ ಕಳಿಸುತ್ತೇವೆ ಅಂತ ಒಪ್ಪಂದದಲ್ಲೇ ಬರೆದಿರಬೇಕು. ಕರೆಕ್ಷನ್ ಎರಡು ಸುತ್ತು. ಮೂರನೆಯದಕ್ಕೆ ಶೀಟಿನ ಲೆಕ್ಕದಲ್ಲಿ ಹಣ.

ಹಣದ ಕಂತು ಕೂಡ ಮನಸ್ಸಿನ ಆರೋಗ್ಯದ ವಿಷಯವೇ. ಆಲ್ಬಮ್ ಕೊಟ್ಟಾಗ ಅರ್ಧ ಹಣ ಅಂತ ಇಟ್ಟುಕೊಂಡವರು ಆಲ್ಬಮ್ ಮಾಡಲು ಕೂರುವಾಗಲೇ 'ಇವರು ಕೊಡ್ತಾರೋ ಇಲ್ವೋ' ಅಂತ ಯೋಚಿಸುತ್ತಿರುತ್ತಾರೆ. ಡೇಟ್ ಬ್ಲಾಕ್ ಮಾಡುವಾಗ 40, ರಿಸೆಪ್ಷನ್ ಶುರುವಾಗುವ ಮುಂಚೆ 50, ಆಲ್ಬಮ್ ಕೈಗಿಡುವಾಗ 10 ಶೇಕಡ ಇರಲಿ. ಮುಹೂರ್ತ ಆದ ಮೇಲೆ ಅಪ್ಪನನ್ನು ಹಣ ಕೇಳಲು ಹೋಗಬೇಡಿ. ಆ ಹೊತ್ತಿಗೆ ಅಡುಗೆಯವರು, ಹೂವಿನವರು, ಛತ್ರದ ಮ್ಯಾನೇಜರು ಎಲ್ಲರೂ ಅವರ ಸುತ್ತಲೇ ಇರುತ್ತಾರೆ.

ಮದುವೆ ಕಡಿಮೆ ಮಾಡಿದರೆ ಆದಾಯ ಬಿದ್ದುಹೋಗುತ್ತದೆ ಅನ್ನುವ ಭಯ ಪೂರ್ತಿ ಸರಿಯಲ್ಲ. ವರ್ಷಕ್ಕೆ 30 ಮದುವೆ, ಒಂದಕ್ಕೆ 80,000 ರೂಪಾಯಿ ಅಂದುಕೊಳ್ಳಿ. ಸೆಕೆಂಡ್ ಕ್ಯಾಮೆರಾ (ಜೊತೆಗೆ ಬರುವ ಇನ್ನೊಬ್ಬ ಫೋಟೋಗ್ರಾಫರ್), ಆಲ್ಬಮ್, ಪ್ರಯಾಣ ಎಲ್ಲಾ ಸೇರಿ ಒಂದಕ್ಕೆ ಖರ್ಚು 35,000. ಉಳಿಯುವುದು 45,000, ಮೂವತ್ತಕ್ಕೆ ಹದಿಮೂರೂವರೆ ಲಕ್ಷ. ಅಷ್ಟನ್ನೇ 22 ಮದುವೆಯಲ್ಲಿ ಉಳಿಸಬೇಕಾದರೆ ಒಂದರಲ್ಲಿ ಸುಮಾರು 61,400 ಉಳಿಯಬೇಕು, ಅಂದರೆ ರೇಟು 96,400. ಏರಿಕೆ 20 ಶೇಕಡ ಮಾತ್ರ. ಮದುವೆಗಳು ಕಾಲುಭಾಗಕ್ಕಿಂತ ಹೆಚ್ಚು ಇಳಿದರೂ ಖರ್ಚೂ ಜೊತೆಗೇ ಇಳಿಯುವುದರಿಂದ ಇದು ಸಾಧ್ಯ. ಕೆಲವರು ರೇಟು ಕೇಳಿ ಹೋಗುತ್ತಾರೆ, ಹೋಗಲಿ. ಹೊಸಬರೊಬ್ಬರ ನಂಬರ್ ಕೊಟ್ಟು ಕಳಿಸಿ. (ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಮೇಲಿನ ಎರಡೂ ಲೆಕ್ಕ ಅದನ್ನು ದಾಟುತ್ತವೆ, ರೇಟು ಹೇಳುವಾಗ ನೆನಪಿರಲಿ.)

ದೇಹ

ಎರಡು ಕ್ಯಾಮೆರಾ, ಒಂದರಲ್ಲಿ 24-70 ಎಂಎಂ ಲೆನ್ಸ್, ಇನ್ನೊಂದರಲ್ಲಿ 70-200, ಒಂದು ಫ್ಲಾಶ್: ನಾಲ್ಕು ಕೆಜಿ ಹತ್ತಿರ. ಕತ್ತಿಗೆ ಹಾಕುವ ಪಟ್ಟಿಯಲ್ಲಿ ಇದನ್ನು ಒಂಬತ್ತು ಗಂಟೆ ಹೊರಬೇಡಿ, ಎರಡೂ ಭುಜಕ್ಕೆ ಭಾರ ಹಂಚುವ ಹಾರ್ನೆಸ್ ತೆಗೆದುಕೊಳ್ಳಿ. ಊಟದ ವಿಷಯದಲ್ಲಿ ಸಂಕೋಚ ಬಿಡಿ. ಫೋಟೋದವರು ಕೊನೆಯ ಪಂಕ್ತಿಯಲ್ಲಿ ಕೂರುವುದು, ಅಷ್ಟರಲ್ಲಿ ಪಲ್ಯ ಖಾಲಿ, ಅನ್ನ ತಣ್ಣಗೆ. ಕೆಲಸ ಒಪ್ಪಿಕೊಳ್ಳುವಾಗಲೇ 'ನಮ್ಮ ಹುಡುಗರು ಸರದಿಯಲ್ಲಿ ಎರಡನೇ ಪಂಕ್ತಿಗೇ ಕೂರುತ್ತಾರೆ' ಅಂತ ಹೇಳಿದರೆ ಯಾವ ಮನೆಯವರೂ ಬೇಡ ಅನ್ನುವುದಿಲ್ಲ. ಬೆಳಗಿನ ಮೇಕಪ್ ಕೋಣೆಗೆ ಹೋಗುವ ಮುನ್ನ ಬಾಳೆಹಣ್ಣಾದರೂ ಹೊಟ್ಟೆಗೆ ಬೀಳಬೇಕು. ಖಾಲಿ ಕಾಫಿಯಲ್ಲಿ ಹತ್ತು ಗಂಟೆಯವರೆಗೆ ಓಡಿದರೆ ಧಾರೆಯ ಹೊತ್ತಿಗೆ ಕೈ ನಡುಗುತ್ತದೆ. ರಿಸೆಪ್ಷನ್ ಛತ್ರದಿಂದ ಮನೆ ದೂರ ಇದ್ದರೆ ಅಲ್ಲೇ ಒಂದು ಕೋಣೆ ಕೇಳಿ. ನಾಲ್ಕು ಗಂಟೆ ನಿದ್ದೆ ಮಾಡಿ ಗಾಡಿ ಓಡಿಸುವುದು ಈ ಕಸುಬಿನ ನಿಜವಾದ ಅಪಾಯ.

ಪಂಚಾಂಗ ಕೊಡುವ ರಜೆ

ನಮ್ಮ ಕಸುಬಿಗೆ ಪಂಚಾಂಗವೇ ರಜೆ ಬರೆದುಕೊಟ್ಟಿದೆ. ಆಷಾಢ, ಪಿತೃಪಕ್ಷ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗಿನ ಧನುರ್ಮಾಸ, ಗುರು-ಶುಕ್ರರ ಅಸ್ತದ ದಿನಗಳು. ಮೂರು ವರ್ಷಕ್ಕೊಮ್ಮೆ ಹತ್ತಿರ ಹತ್ತಿರ ಅಧಿಕ ಮಾಸ ಬೇರೆ. 2026ರಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ. ಸಾಮಾನ್ಯವಾಗಿ ಉಸಿರಾಡಲೂ ಬಿಡುವಿಲ್ಲದ ಮೇ ತಿಂಗಳ ಉತ್ತರಾರ್ಧ ಖಾಲಿ. ಅದರ ಹಿಂದೆಯೇ ನಿಜ ಜ್ಯೇಷ್ಠದ ಒಂದು ತಿಂಗಳಿಗೆ ಮದುವೆಗಳೆಲ್ಲ ಒತ್ತಿಕೊಳ್ಳುತ್ತವೆ, ಜುಲೈ 15ರಿಂದ ಮತ್ತೆ ಆಷಾಢ. ಹೊಸ ಪಂಚಾಂಗ ಬಂದ ಕೂಡಲೇ ಈ ದಿನಗಳನ್ನು ಗುರುತು ಮಾಡಿ, ಅದರಲ್ಲಿ ಹತ್ತು ದಿನವನ್ನಾದರೂ ಬಾಕಿ ಕೆಲಸಕ್ಕೂ ಕೊಡದೆ ಮುಚ್ಚಿಡಿ. ಪ್ರೀ-ವೆಡ್ಡಿಂಗ್ ಶೂಟಿಗೆ ಪಂಚಾಂಗ ಅಡ್ಡ ಬರುವುದಿಲ್ಲ, ಆ ಹತ್ತು ದಿನವನ್ನು ತಿನ್ನಲು ಮೊದಲು ಬರುವುದು ಅದೇ.

ವಾರದ ರಜೆಗೆ ಮಂಗಳವಾರ ಒಳ್ಳೆಯದು. ಆ ದಿನ ಮುಹೂರ್ತ ಇಡುವವರು ಕಡಿಮೆ.

ಇನ್ನು ಬಂಧು-ಬಳಗದ ಮದುವೆ. 'ಹೇಗಿದ್ರೂ ಬರ್ತೀಯಲ್ಲ, ಕ್ಯಾಮೆರಾ ತಗೊಂಡ್ ಬಾ' ಅನ್ನುವ ಚಿಕ್ಕಪ್ಪ ಎಲ್ಲರ ಮನೆಯಲ್ಲೂ ಇದ್ದಾರೆ. ಕ್ಯಾಮೆರಾ ಇಲ್ಲದೆ ಹೋಗಿ ಊಟ ಮಾಡಿ ಬನ್ನಿ. ಉಡುಗೊರೆಯಾಗಿ ಒಂದು ಒಳ್ಳೆಯ ಪ್ರಿಂಟ್‌ಗೆ ಫ್ರೇಮ್ ಹಾಕಿಸಿ ಕೊಡಿ. ಒಂದು ಸಲ ಮುನಿಸಿಕೊಳ್ಳುತ್ತಾರೆ, ಮುಂದಿನ ಮದುವೆ ಹೊತ್ತಿಗೆ ಮರೆತಿರುತ್ತಾರೆ.

ದುಡ್ಡಿಲ್ಲದ ಕ್ಯಾಮೆರಾ

1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮನಶ್ಶಾಸ್ತ್ರಜ್ಞರು ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಒಂದು ಪ್ರಯೋಗ ಪ್ರಕಟಿಸಿದರು. ಚಿತ್ರ ಬಿಡಿಸುವುದು ಇಷ್ಟ ಇರುವ ಮಕ್ಕಳನ್ನೇ ಆರಿಸಿ, ಕೆಲವರಿಗೆ ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು, ಉಳಿದವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು ನೋಡಿದಾಗ, ಮೊದಲೇ ಹೇಳಿಸಿಕೊಂಡ ಮಕ್ಕಳು ಬಿಡುವಿನ ವೇಳೆಯಲ್ಲಿ ಚಿತ್ರ ಬಿಡಿಸುವುದು ಕಡಿಮೆಯಾಗಿತ್ತು. ಅನಿರೀಕ್ಷಿತವಾಗಿ ಪಡೆದವರ ಆಸಕ್ತಿ ಹಾಗೆ ಕುಂದಿರಲಿಲ್ಲ.

ನಮ್ಮ ವಿಷಯಕ್ಕೆ ಇದರಿಂದ ತೆಗೆದುಕೊಳ್ಳಬಹುದಾದ್ದು: ಇಷ್ಟದ ಒಂದಿಷ್ಟು ಭಾಗವನ್ನು ಯಾವ ಪ್ರತಿಫಲದ ಲೆಕ್ಕಕ್ಕೂ ಸಿಗದಂತೆ ಇಡಬೇಕು. ಇನ್‌ಸ್ಟಾಗ್ರಾಮ್ ಲೈಕು ಕೂಡ ಪ್ರತಿಫಲವೇ, ಅದು ಮೊದಲೇ ಹೇಳಿಟ್ಟ ಸರ್ಟಿಫಿಕೇಟ್ ಥರವೇ ಕೆಲಸ ಮಾಡುತ್ತದೆ. ಹಾಗಾಗಿ ಸ್ವಂತ ಫೋಟೋಗೆ ಬೇರೆ ಸಾಧನ ಇಟ್ಟುಕೊಳ್ಳಿ. ಹಳೆಯ ಕ್ಯಾಮೆರಾಗೆ ಒಂದೇ ಒಂದು 35 ಅಥವಾ 50 ಎಂಎಂ ಲೆನ್ಸ್ ಸಾಕು, ಜೂಮ್ ಬೇಡ. ಮದುವೆ ವಿಷಯ ಬೇಡ. ಆರು ತಿಂಗಳ ತನಕ ಎಲ್ಲೂ ಹಾಕಬೇಡಿ. ಪರದೆ ಮೇಲೆ ಬಿಡದೆ, ತಿಂಗಳಿಗೆ ನಾಲ್ಕು ಫೋಟೋ 6x8 ಇಂಚಿನ ಪ್ರಿಂಟ್ ಹಾಕಿಸಿ ಡಬ್ಬಿಯಲ್ಲಿಡಿ. ಯಾರಿಗಾದರೂ ತೋರಿಸಲೇಬೇಕು ಅನ್ನಿಸಿದರೆ ಗಿರಾಕಿಗಳಿರದ ಜಾಗದಲ್ಲಿ ತೋರಿಸಿ. ಬೆಂಗಳೂರಿನಲ್ಲಿ 1971ರಿಂದ ಇರುವ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಹವ್ಯಾಸಿ ಕೂಟಗಳಿರುವುದು ಇದಕ್ಕೇ. ಅಲ್ಲಿ ಡಾಕ್ಟರು, ಬ್ಯಾಂಕಿನವರು, ನಿವೃತ್ತರು ಕೂತು ನಿಮ್ಮ ಹಕ್ಕಿಯ ರೆಕ್ಕೆ ಕತ್ತರಿಸಿ ಹೋಗಿದೆ ಅಂತ ನಿರ್ದಾಕ್ಷಿಣ್ಯವಾಗಿ ಹೇಳುತ್ತಾರೆ. ಪಾರ್ಟಿ ಹೇಳುವ 'ಸೂಪರ್ ಸರ್'ಗಿಂತ ಅದು ಒಳ್ಳೆಯದು.

ಗುರುತು

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನ್‌ಔಟನ್ನು ಕಾಯಿಲೆ ಅಂತ ಕರೆಯದೆ, ಕೆಲಸದ ಒತ್ತಡಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಸೇರಿಸಿತು. ಮೂರು ಲಕ್ಷಣ ಹೇಳಿತು: ಶಕ್ತಿ ಬರಿದಾಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿ, ಕೆಲಸದ ಮಟ್ಟ ಕುಸಿಯುವುದು. ನಮ್ಮಲ್ಲಿ ಎರಡನೆಯದು ಮೊದಲು ಕಾಣುತ್ತದೆ: ಮದುಮಕ್ಕಳನ್ನು ಟೀಮಿನ ಮುಂದೆ ಆಡಿಕೊಳ್ಳುವುದು, ಶಾಸ್ತ್ರ ನಡೆಯುವಾಗ ಮೂಲೆಯಲ್ಲಿ ರೀಲ್ಸ್ ನೋಡುವುದು. ಮೂರನೆಯದನ್ನು ಅಳೆಯಲು ನಿಮ್ಮ ಬಳಿಯೇ ದಾಖಲೆ ಇದೆ. ಲೈಟ್‌ರೂಮಿನ ಮೆಟಾಡೇಟಾ ಫಿಲ್ಟರ್ (ಯಾವ ಹೊತ್ತು, ಯಾವ ಲೆನ್ಸ್ ಅನ್ನುವ ವಿವರ) ತೆರೆದು ಕಳೆದ ಹತ್ತು ಮದುವೆ ನೋಡಿ. ಗಂಟೆಗೆ ಹೊಡೆದ ಫೋಟೋಗಳ ಸಂಖ್ಯೆ ಏರುತ್ತಿದ್ದು, ಆರಿಸಿದ್ದು ಅಷ್ಟೇ ಇದ್ದರೆ ಯೋಚಿಸದೆ ಬಟನ್ ಒತ್ತುತ್ತಿದ್ದೀರಿ ಅಂತ ಅರ್ಥ. ಇಡೀ ಮದುವೆ ಒಂದೇ ಲೆನ್ಸಿನಲ್ಲಿ, ಒಂದೇ ಎತ್ತರದಿಂದ ಮುಗಿದಿದ್ದರೆ ಕಾಲು ಕದಲುತ್ತಿಲ್ಲ. ಇದು ಕಂಡ ತಿಂಗಳು ಹೊಸ ಆರ್ಡರ್ ನಿಲ್ಲಿಸಿ, ಮೇಲಿನ ಲೆಕ್ಕ ಮತ್ತೆ ಹಾಕಿ.

ಕೆಲಸ ಬಿಟ್ಟು ಕೂತಾಗಲೂ ಎರಡು ವಾರಕ್ಕಿಂತ ಹೆಚ್ಚು ಕಾಲ ಊಟ, ನಿದ್ದೆ, ಮನೆಯವರ ಜೊತೆ ಮಾತು ಎಲ್ಲವೂ ಬೇಡ ಅನ್ನಿಸುತ್ತಿದ್ದರೆ ಅದು ಕ್ಯಾಲೆಂಡರ್ ಸರಿಮಾಡಿ ಹೋಗುವಂಥದ್ದಲ್ಲ. ಡಾಕ್ಟರ ಬಳಿ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅಂಥ ಹೊತ್ತಿನಲ್ಲಿ ಒಪ್ಪಿಕೊಂಡ ಮದುವೆಗಳ ಗತಿಯೇನು ಅನ್ನುವ ಚಿಂತೆಯೇ ಎಷ್ಟೋ ಜನರನ್ನು ರಜೆ ತೆಗೆದುಕೊಳ್ಳಲು ಬಿಡುವುದಿಲ್ಲ. ಇದಕ್ಕೆ ಸೀಸನ್ ಶುರುವಾಗುವ ಮುಂಚೆಯೇ ಇನ್ನೊಬ್ಬ ಫೋಟೋಗ್ರಾಫರ್ ಜೊತೆ ಜೋಡಿ ಮಾಡಿಕೊಳ್ಳಬೇಕು. ನಿಮ್ಮಷ್ಟೇ ಅನುಭವದವರಾಗಿರಲಿ, ಫೋಟೋ ಶೈಲಿ ತೀರಾ ಬೇರೆ ಇರದಿರಲಿ. ಅವರು ಬರಲಾಗದ ದಿನ ನೀವು, ನೀವು ಬರಲಾಗದ ದಿನ ಅವರು. ದಿನದ ಕೂಲಿ ಹೋದವರಿಗೆ, ಮೇಜಿನ ಕೆಲಸ ಮತ್ತು ಅದರ ಹಣ ಆರ್ಡರ್ ಹಿಡಿದವರಿಗೆ ಅಂತ ಮೊದಲೇ ಮಾತಾಗಿರಲಿ. 'ಅನಿವಾರ್ಯವಾದರೆ ಸಮಾನ ಅನುಭವದ ಬೇರೆ ಫೋಟೋಗ್ರಾಫರ್ ಬರುತ್ತಾರೆ' ಅನ್ನುವ ಸಾಲು ಪಾರ್ಟಿಯ ಒಪ್ಪಂದದಲ್ಲಿರಬೇಕು. ಪ್ರತಿ ಮದುವೆಗೂ ಒಂದು ಪುಟದ ಟಿಪ್ಪಣಿ ಇಬ್ಬರಿಗೂ ಕಾಣುವ ಫೋಲ್ಡರಿನಲ್ಲಿ ಹಾಕಿಡಿ: ಛತ್ರದ ವಿಳಾಸ, ಮುಹೂರ್ತದ ಸಮಯ, ಆ ಮನೆಯವರ ಶಾಸ್ತ್ರಗಳ ಕ್ರಮ, ತಪ್ಪದೆ ಬೇಕಾದ ಗುಂಪು ಫೋಟೋಗಳು, ಎರಡೂ ಕಡೆಯಿಂದ ಜನರನ್ನು ಕರೆದು ನಿಲ್ಲಿಸಬಲ್ಲ ಒಬ್ಬೊಬ್ಬರ ಹೆಸರು ಮತ್ತು ನಂಬರ್, ಹಾಗೆಯೇ ಯಾವ ದೊಡ್ಡಪ್ಪನನ್ನು ಯಾವ ಚಿಕ್ಕಪ್ಪನ ಪಕ್ಕ ನಿಲ್ಲಿಸಬಾರದು ಅನ್ನುವುದು.